ಏಳನೇ ಬಾವುಟದ ಆಚೆ

ಇಸ್ತ್ರಿಯಕ್ಕನನ್ನು ಆ ಸರೋವರ ಮೂರು ಸಲ ಹೊರಗೆ ಹಾಕಿತ್ತು. ಮೂರು ಸಲವೂ ಏಳನೇ ಬಾವುಟದ ಹತ್ತಿರವೇ. ಈ ದಡದಿಂದ ಆ ದಡಕ್ಕೆ ಹತ್ತು ಕಿಲೋಮೀಟರ್. ಕಿಲೋಮೀಟರಿಗೊಂದರಂತೆ ಖಾಲಿ ಪೀಪಾಯಿಗೆ ಕೆಂಪು ಬಾವುಟ ಕಟ್ಟಿ ತೇಲಬಿಟ್ಟಿರುತ್ತಾರೆ. ವರ್ಷಕ್ಕೊಂದು ಸಲ ಈಜುಗಾರರು ಬಂದು ಒಂದು ದಡದಲ್ಲಿ ಇಳಿಯುತ್ತಾರೆ, ಗಟ್ಟಿಗರು ಇನ್ನೊಂದು ದಡದಲ್ಲಿ ಏಳುತ್ತಾರೆ. ಇಸ್ತ್ರಿಯಕ್ಕ ಮಾತ್ರ ಮೂರು ವರ್ಷವೂ ಏಳನೇ ಬಾವುಟ ಕಂಡ ಕೂಡಲೇ ಕೈಕಾಲು ಸೋತು, ದೋಣಿಗೆ ಎಳೆಸಿಕೊಂಡು, ಟವಲ್ ಹೊದ್ದು, ಹಲ್ಲು ಕಟಕಟ ಎನ್ನಿಸುತ್ತ ಮನೆಗೆ ಬಂದಿದ್ದಳು. ದೋಣಿ ಮುಟ್ಟಿದರೆ ಪಂದ್ಯ ಮುಗಿದಂತೆ.

ಬೀದಿಯವರ ಬಾಯಿ ಗೊತ್ತಲ್ಲ! "ಏಳು ದಾಟಿದವಳಿಗೆ ಇನ್ನು ಮೂರು ಯಾವ ಲೆಕ್ಕ? ನಡ್ಕೊಂಡಾದ್ರೂ ಹೋಗಬಾರದಿತ್ತಾ ಅಕ್ಕಾ?" ಎಂದು ಬಟ್ಟೆ ಗಂಟು ಕೊಡಲು ಬಂದವರು ಎದುರಿಗೇ ಕೇಳುತ್ತಿದ್ದರು. ಅವಳು ನಕ್ಕು, ಗಂಟಿಗೆ ಚೀಟಿ ಕಟ್ಟಿ ಒಳಗೆ ಹೋಗುತ್ತಿದ್ದಳು. ಒಳಗೆ ಹೋದ ಮೇಲೆ ಆ ನಗು ಇರುತ್ತಿರಲಿಲ್ಲ. ಮೂವತ್ತೆಂಟು ವಯಸ್ಸಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ. ಒಂದು ಸಲ, ಒಂದೇ ಒಂದು ಸಲ, ಆ ದಡದ ಮರಳು ಕಾಲಿಗೆ ತಾಗಬೇಕು.

ಲಾಂಡ್ರಿಯಲ್ಲಿ ಅವಳದು ಹದಿನಾರು ವರ್ಷದ ಸರ್ವಿಸ್ಸು. ಮುಂದುಗಡೆ ಕೌಂಟರು, ನಡುವೆ ಗುಡುಗುಡು ಎನ್ನುವ ಮೂರು ದೊಡ್ಡ ಮೆಷಿನ್ನು, ಹಿಂದುಗಡೆ ಕಿಟಕಿಯಿಲ್ಲದ ಇಸ್ತ್ರಿ ಕೋಣೆ. ಹೋಟೆಲುಗಳ ಹಾಸಿಗೆಬಟ್ಟೆ, ಆಸ್ಪತ್ರೆಯ ಬಿಳಿ ಕೋಟು, ಸಭಾಂಗಣಗಳ ಪರದೆ, ಎಲ್ಲವೂ ಅವಳ ಮೇಜಿನ ಮೇಲೆ ಹಾದುಹೋಗಬೇಕು. ದಿನಕ್ಕೆ ಎಂಟು ಗಂಟೆ ನಿಂತೂ ನಿಂತೂ ಸೊಂಟ ಹಿಡಿದುಕೊಂಡಾಗ ಡಾಕ್ಟರಮ್ಮ, "ಈಜು ಕಲಿಯಮ್ಮ, ಮಾತ್ರೆಗಿಂತ ಅದೇ ಒಳ್ಳೇದು" ಎಂದಿದ್ದರು. ಆಗ ಅವಳಿಗೆ ಇಪ್ಪತ್ತೊಂಬತ್ತು. ಸೊಂಟನೋವು ಆರು ತಿಂಗಳಲ್ಲಿ ಹೋಯಿತು, ಈಜಿನ ಹುಚ್ಚು ಮಾತ್ರ ಹೋಗಲಿಲ್ಲ.

ಪುರಸಭೆಯ ಈಜುಕೊಳದಲ್ಲಿ ಅವಳಿಗೆ ಕಲಿಸಿದವನು ಸೀಟಿ ಮಾವ. ಎಪ್ಪತ್ತರ ಹತ್ತಿರದ ಮುದುಕ. ಮೊದಲು ಸರೋವರದಲ್ಲಿ ದೋಣಿ ನಡೆಸುತ್ತಿದ್ದವನು, ಈಗ ಕೊಳದ ಕಾವಲುಗಾರ. ಕೊರಳಲ್ಲಿ ಸದಾ ಒಂದು ಸೀಟಿ. ಮಾತಿಗಿಂತ ಸೀಟಿಯಲ್ಲೇ ಹೆಚ್ಚು ಬೈಯುತ್ತಿದ್ದ. ಮೊದಮೊದಲು ಅವಳು ಮನೆಯಲ್ಲೇ ಹೊಲಿದ ಹತ್ತಿಬಟ್ಟೆಯ ಉಡುಗೆ ತೊಟ್ಟು ನೀರಿಗಿಳಿದರೆ ಅದು ಬುಸ್ಸೆಂದು ಉಬ್ಬಿ ಅವಳನ್ನು ದಿಂಬಿನ ಹಾಗೆ ತೇಲಿಸುತ್ತಿತ್ತು. ಮುಂಗೈಯಿಂದ ಹಿಮ್ಮಡಿಯವರೆಗೆ ಮೈಗಂಟಿ ನಿಲ್ಲುವ ಈಜುಡುಗೆ ಕೊಳ್ಳುವ ತನಕ ಕೊಳದವರಿಗೆಲ್ಲ ಪುಕ್ಕಟೆ ತಮಾಷೆ.

ಈ ವರ್ಷ ಪಂದ್ಯದ ದಿನ ಬಂದು ಬಿದ್ದದ್ದು ಉಪವಾಸದ ತಿಂಗಳಿನ ಇಪ್ಪತ್ತಮೂರನೇ ದಿನ. ಬೆಳಗಿನ ಬೆಳಕು ಒಡೆಯುವ ಮುಂಚೆ ಉಂಡರೆ ಸೂರ್ಯ ಮುಳುಗುವ ತನಕ ಅನ್ನವಿಲ್ಲ, ಒಂದು ಹನಿ ನೀರಿಲ್ಲ. ಸುದ್ದಿ ತಿಳಿದ ಸಂಜೆ ಮನೆಯಲ್ಲಿ ಪಂಚಾಯಿತಿಯೇ ಆಯಿತು. ಮನೆಯಲ್ಲಿದ್ದದ್ದು ಮೂರೇ ಜನ. ಬಸ್ ಡ್ರೈವರ್ ಗಂಡ, ಬಕೆಟ್ಟಿನ ನೀರಿಗೂ ಹೆದರುವ ಅತ್ತೆ, ಮತ್ತು ಇವಳು. ಮಗಳು ದೂರದ ಹಾಸ್ಟೆಲ್ಲಿನಲ್ಲಿ ನರ್ಸಿಂಗ್ ಓದುತ್ತಿದ್ದಳು.

"ಅದೊಂದು ದಿನ ಬಿಟ್ಟು ಆಮೇಲೆ ಹಿಡಿದ್ರಾಯ್ತು ಬಿಡು," ಎಂದ ಗಂಡ. "ದೂರ ಪ್ರಯಾಣ ಹೋದೋರಿಗೆ ರಿಯಾಯಿತಿ ಇದೆ."

"ಅರ್ಧ ಗಂಟೆ ಬಸ್ಸಿನ ದಾರಿ ಯಾವ ದೂರ ಪ್ರಯಾಣ ರೀ? ಬಿಡಬೇಕಾದ ದಿನ ಬಂದ್ರೆ ದೇವರೇ ಬಿಡಿಸ್ತಾನೆ. ನಾನಾಗಿ ಬಿಡಲ್ಲ."

"ಹಾಗಾದ್ರೆ ಕೆರೆನೇ ಬಿಡು, ಮುಂದಿನ ವರ್ಷವೂ ಅಲ್ಲೇ ಇರುತ್ತೆ," ಎಂದಳು ಅತ್ತೆ.

"ಕೆರೆ ಇರುತ್ತೆ ಅತ್ತೆ. ನನ್ನ ಭುಜ ಇರಬೇಕಲ್ಲ?"

ಹಟಕ್ಕೆ ಬಿದ್ದರೆ ಅವಳು ಯಾರ ಮಾತಿಗೂ ಬಗ್ಗುವವಳಲ್ಲ. ಸೀಟಿ ಮಾವ ಬೇರೆ ಧರ್ಮದವನು. ಕೇಳಿ ತಲೆ ಕೆರೆದುಕೊಂಡ. "ನಾಲ್ಕೂವರೆ ಗಂಟೆ ನೀರಲ್ಲಿದ್ದು ಒಂದು ಗುಟುಕೂ ಕುಡಿಯದೇ? ಆಗಲಿ. ಆದರೆ ಒಂದು ಷರತ್ತು ಮಗಳೇ. ದೋಣೀಲಿ ನಾನಿರ್ತೀನಿ. ನಿನ್ನ ಮೈ ಸೋತಿದೆ ಅಂತ ನನಗನ್ನಿಸಿದರೆ ಮೂರು ಸೀಟಿ ಊದ್ತೀನಿ. ಮೂರನೇದು ಕೇಳಿದ ಮೇಲೆ ಮಾತಿಲ್ಲ, ಸುಮ್ಮನೆ ಬಂದು ದೋಣಿ ಹಿಡೀಬೇಕು." ಅವಳು ಒಪ್ಪಿದಳು.

ಮೊದಲ ವಾರ ಮೈ ಮುನಿಸಿಕೊಂಡಿತು. ಚಹಾ ಕಾಣದ ತಲೆನೋವು ಹನ್ನೊಂದು ಗಂಟೆಗೆ ಸರಿಯಾಗಿ ಹಾಜರಿ ಹಾಕುತ್ತಿತ್ತು. ಇಸ್ತ್ರಿ ಕೋಣೆಯ ಹಬೆಯಲ್ಲಿ ಬೆವರು ಹೋಗುತ್ತಲೇ ಇತ್ತು, ಒಳಗೆ ಬರುವುದು ಮಾತ್ರ ಏನೂ ಇಲ್ಲ. ಸಂಜೆ ಕೊಳಕ್ಕೆ ಇಳಿದರೆ ನೂರು ಮೀಟರನ್ನು ಎರಡು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸುತ್ತಿದ್ದವಳು ಎರಡು ನಿಮಿಷ ನಲವತ್ತು ತೆಗೆದುಕೊಂಡಳು. ನಾಲ್ಕನೇ ದಿನ ಮೀನಖಂಡ ಸೆಟೆದು ಕೊಳದ ಅಂಚು ಹಿಡಿದು ನೇತಾಡಿದಳು. ಲಾಂಡ್ರಿಯಲ್ಲಿ ಬಟ್ಟೆ ತೂಗುವ ತಕ್ಕಡಿಯ ಮೇಲೆ ನಿಂತು ನೋಡಿದರೆ ಎರಡು ಕಿಲೋ ಮಾಯ.

ಸೀಟಿ ಮಾವ ಇಡೀ ದಿನಚರಿಯನ್ನೇ ತಿರುಗಿಸಿ ಹಾಕಿದ. ಸೂರ್ಯ ಮುಳುಗುವ ಮುಂಚಿನ ನಲವತ್ತು ನಿಮಿಷ ಮಾತ್ರ ಈಜು, ಅದೂ ನಿಧಾನವಾಗಿ. ನೀರು ಕುಡಿದು, ಏನಾದರೂ ತಿಂದು, ಒಂದು ಗಂಟೆ ಬಿಟ್ಟು ಭುಜದ ಕಸರತ್ತು. ಮಧ್ಯಾಹ್ನ ಲಾಂಡ್ರಿಯಲ್ಲಿ ಅರ್ಧ ಗಂಟೆ ನಿದ್ದೆ. ಬಿಸಿ ಆರದ ಹಾಸಿಗೆಬಟ್ಟೆಗಳ ರಾಶಿಗೆ ಒರಗಿ ಅವಳು ಕಣ್ಣು ಮುಚ್ಚಿದರೆ, ಮೆಷಿನ್ನಿನ ಸದ್ದು ದೂರದ ಅಲೆಯಾಗಿ ಬರುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯದ ಆ ಹೊತ್ತಿನಲ್ಲಿ ಬಿಳಿ ಬಟ್ಟೆಗಳೆಲ್ಲ ಸೇರಿ ಒಂದೇ ಸರೋವರವಾಗಿ, ಅವಳು ಅದರ ಮೇಲೆ ಮಡಿಕೆ ಬೀಳದಂತೆ ಮೆಲ್ಲಗೆ ಹೋಗುತ್ತಿದ್ದಳು.

ನೀರಿನ ಉಸ್ತುವಾರಿ ಅತ್ತೆಯದು. ಸಂಜೆಯಿಂದ ಮಲಗುವ ತನಕ ಅರ್ಧ ಗಂಟೆಗೊಂದು ಲೋಟ ಹಿಡಿದು ಎದುರು ನಿಲ್ಲುವಳು. "ಒಂಟೆ ಹಾಗೆ ಒಂದೇ ಸಲ ಬಗ್ಗಿಸಿಕೊಂಡ್ರೆ ಬಚ್ಚಲಿಗೆ ಹೋಗುತ್ತೆ, ಮೈಗೆ ಹತ್ತಲ್ಲ. ಗುಟುಕು ಗುಟುಕು ಕುಡಿ," ಎಂದು ಮುಗಿಯುವ ತನಕ ಕದಲುತ್ತಿರಲಿಲ್ಲ. ಒಂಬತ್ತನೇ ದಿನ ಪಕ್ಕದ ಸಾಲಿನವನ ಕಾಲು ಬಡಿದು ಇಸ್ತ್ರಿಯಕ್ಕನ ಬಾಯಿಗೆ ನೀರು ನುಗ್ಗಿ ಒಂದು ಗುಟುಕು ಒಳಗೇ ಹೋಯಿತು. ಅಳುಮೋರೆ ಮಾಡಿಕೊಂಡು ಬಂದವಳಿಗೆ ಅತ್ತೆ, "ಬೇಕು ಅಂತ ಕುಡಿದ್ಯಾ? ಇಲ್ವಲ್ಲ. ಈ ತಿಂಗಳು ಮುಗಿದ ಮೇಲೆ ಅದರ ಬದಲಿಗೆ ಇನ್ನೊಂದು ಹಿಡಿ, ಆಯ್ತು. ಅದಕ್ಕೇನು ಮುಖ ಊದಿಸ್ಕೋತೀಯಾ?" ಎಂದಳು. ಅಂದಿನಿಂದ ಇಸ್ತ್ರಿಯಕ್ಕ ತುಟಿಯನ್ನು ಒಂದು ಬದಿಗೆ ಸೊಟ್ಟ ಮಾಡಿ ಉಸಿರೆಳೆಯಲು ಕಲಿತಳು.

ಎರಡನೇ ವಾರಕ್ಕೆ ಮೈ ರಾಜಿಗೆ ಬಂತು. ತಲೆನೋವು ಹೇಳದೆ ಕೇಳದೆ ಹೊರಟುಹೋಯಿತು. ತೂಕ ಇಳಿಯುವುದು ನಿಂತಿತು. ನೂರು ಮೀಟರಿಗೆ ಎರಡೂವರೆ ನಿಮಿಷ ಎಂಬ ಲೆಕ್ಕ ಗಟ್ಟಿಯಾಗಿ, ಅದೇ ವೇಗದಲ್ಲಿ ಎಷ್ಟು ಹೊತ್ತು ಬೇಕಾದರೂ ಹೋಗಬಲ್ಲೆ ಅನ್ನಿಸತೊಡಗಿತು. ಅವಳ ಮಣಿಕಟ್ಟು ಹಿಡಿದು ನಾಡಿ ಎಣಿಸಿದ ಸೀಟಿ ಮಾವನ ಮುಖ ಅರಳಿತು. "ಮೂರು ವರ್ಷ ಮೊದಲ ಒಂದು ಗಂಟೆ ಬೆಂಕಿ ಬಿದ್ದ ಮನೆಯಿಂದ ಓಡೋ ಹಾಗೆ ಈಜಿದೆ ನೀನು. ಬೇಡಮ್ಮಾ ಅಂತ ಊದೀ ಊದೀ ನನ್ನ ಗಂಟಲು ಬಿದ್ದುಹೋಯ್ತು. ಈ ನಿಧಾನನ ನಾನು ಕಲಿಸೋಕಾಗಲಿಲ್ಲ, ನಿನ್ನ ಹಸಿವು ಕಲಿಸ್ತು ನೋಡು!"

ಸೂರ್ಯ ಮುಳುಗುವ ಮುಂಚಿನ ಕೊನೆಯ ಇಪ್ಪತ್ತು ನಿಮಿಷ ಅವಳಿಗೆ ಬೇರೆಯೇ ಲೋಕ. ಬೆಳಕು ಓರೆಯಾಗಿ ಇಳಿದು ಕೊಳದ ತಳದ ಹೆಂಚುಗಳ ಮೇಲೆ ಬಂಗಾರದ ಬಲೆ ಬೀಸುತ್ತಿತ್ತು. ಹಸಿವು ಹಸಿವಾಗಿ ಇರುತ್ತಿರಲಿಲ್ಲ, ಹೊಟ್ಟೆಯ ಜಾಗದಲ್ಲಿ ಒಂದು ಖಾಲಿ ಕೋಣೆ, ಅದರ ಕಿಟಕಿಗಳೆಲ್ಲ ತೆರೆದಿದ್ದವು. ಎಂದೋ ತೀರಿಹೋದ ತಾಯಿ ಆ ಕೋಣೆಯಲ್ಲಿ ಕೂತು ಅವಳ ಜಡೆ ಹೆಣೆಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದೇ ತಿಳಿಯದ ಹೊತ್ತಿನಲ್ಲಿ ಸೀಟಿ ಮಾವ ಜೇಬಿನಿಂದ ವೇಳಾಪಟ್ಟಿಯ ಚೀಟಿ ತೆಗೆದು, ಗಡಿಯಾರ ನೋಡಿ, ಉದ್ದಕ್ಕೆ ಸೀಟಿ ಊದುವನು. ಉಪವಾಸ ಬಿಡುವ ಸಮಯ. ಅವಳು ಮೇಲೆ ಬಂದು ಒಂದು ಖರ್ಜೂರ ಬಾಯಿಗಿಟ್ಟು ನೀರು ಕುಡಿದ ಮೇಲೆಯೇ ಅವನು ತನ್ನ ಬಾಟಲಿ ಹೊರಗೆ ತೆಗೆಯುವುದು. ಅಲ್ಲಿಯವರೆಗೂ ಅದು ಟವಲಿನಲ್ಲಿ ಸುತ್ತಿಕೊಂಡು ಬೆಂಚಿನ ಕೆಳಗೆ ಇರುತ್ತಿತ್ತು. ಅವಳೆದುರು ಅವನು ಒಂದು ದಿನವೂ ನೀರು ಕುಡಿಯಲಿಲ್ಲ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋದರೆ ಕತೆ ಅರ್ಥವಾಗುವುದಿಲ್ಲ. ಹೆಂಗಸರಿಗೆ ತಿಂಗಳ ಆ ದಿನಗಳಲ್ಲಿ ಉಪವಾಸವಿಲ್ಲ. ಇಲ್ಲ ಎಂದರೆ ಬೇಕಿದ್ದರೆ ಬಿಡಬಹುದು ಎಂದಲ್ಲ, ಹಿಡಿಯಲೇಬಾರದು. ಆ ದಿನಗಳನ್ನು ಆಮೇಲೆ ತುಂಬಿಕೊಟ್ಟರಾಯಿತು. ಇಷ್ಟು ನೇರವಾದ ಮಾತು. ಆದರೆ ಎಷ್ಟೋ ಮನೆಗಳಲ್ಲಿ ಇದೊಂದು ದೊಡ್ಡ ನಾಟಕ. ಬೆಳಗಿನ ಜಾವ ಎಲ್ಲರ ಜೊತೆ ಎದ್ದು ಉಣ್ಣಬೇಕು, ಸಂಜೆ ಎಲ್ಲರ ಜೊತೆ ಕೂತು ಉಪವಾಸ ಬಿಟ್ಟಂತೆ ನಟಿಸಬೇಕು, ನಡುವೆ ಹಸಿವಾದರೆ ಗಂಡಸರ ಕಣ್ಣು ತಪ್ಪಿಸಿ ನುಂಗಬೇಕು. ಇಸ್ತ್ರಿಯಕ್ಕ ಹತ್ತೊಂಬತ್ತಕ್ಕೆ ಈ ಮನೆಗೆ ಬಂದ ವರ್ಷವೇ ಅತ್ತೆ ಅವಳನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿ ಕೈಗೆ ಒಣ ಬ್ರೆಡ್ಡು ಕೊಟ್ಟು, "ಇಲ್ಲೇ ನಿಂತು ತಿನ್ನು. ಅವರಿಗೆ ಗೊತ್ತಾಗಬಾರದು," ಎಂದು ಪಿಸುಗುಟ್ಟಿದ್ದಳು. ಅತ್ತೆಯೂ ತನ್ನ ಕಾಲದಲ್ಲಿ ಅಲ್ಲೇ ನಿಂತು ತಿಂದವಳು. ದೇವರೇ ಕೊಟ್ಟ ರಜೆಯನ್ನು ಕದ್ದ ಮಾಲಿನಂತೆ ಬಚ್ಚಿಡುವ ಈ ಬುದ್ಧಿ ಯಾರು ಕಲಿಸಿದರೋ ಏನೋ! ಹತ್ತೊಂಬತ್ತು ವರ್ಷದಲ್ಲಿ ಗಂಡನಿಗೆ ಇದರ ಸುಳಿವೇ ಇರಲಿಲ್ಲ. ಇತ್ತೋ, ಅವನೂ ನಟಿಸುತ್ತಿದ್ದನೋ, ಯಾರು ಕೇಳಿದ್ದರು?

ಪಂದ್ಯದ ದಿನ ಬೆಳಕು ಹರಿಯುವ ಮುಂಚೆ ಅವಳು ಎರಡು ಮೊಟ್ಟೆ, ಮೂರು ಬಾಳೆಹಣ್ಣು, ಬ್ರೆಡ್ಡು, ಅತ್ತೆ ಎಣಿಸಿ ಕೊಟ್ಟ ನಾಲ್ಕು ಲೋಟ ನೀರು ಮುಗಿಸಿದಳು. ಆರು ಗಂಟೆಗೆ ಮೂವರೂ ದಡದಲ್ಲಿದ್ದರು. ಸರೋವರದ ಮೇಲೆ ಮಂಜು ಮಲಗಿತ್ತು, ಮೊದಲ ಬಾವುಟ ಮಾತ್ರ ಮಸುಕಾಗಿ ಕಾಣುತ್ತಿತ್ತು. ಗಂಡನ ಸಂಭ್ರಮ ಹೇಳತೀರದು. ಕೆಲವೇ ವಾರ ಹಿಂದೆ 'ಬಿಟ್ಟುಬಿಡು' ಎಂದಿದ್ದವನು ಈಗ ಇಡೀ ಬಸ್ ಡಿಪೋಗೆ ಹೇಳಿ ಮುಗಿಸಿದ್ದ. ಮೈಕ್ ಹಿಡಿದ ಸಂಘಟಕರಿಗೂ ತಾನೇ ಹೋಗಿ ಹೇಳಿ ಬಂದಿದ್ದ. "ಉಪವಾಸವಿದ್ದುಕೊಂಡೇ ಸರೋವರ ದಾಟಲಿರುವ ನಮ್ಮ ಲಾಂಡ್ರಿಯ ಅಕ್ಕ!" ಎಂದು ಮೈಕು ಅಷ್ಟು ಹೊತ್ತಿಗೇ ಎರಡು ಸಲ ಕೂಗಿತ್ತು.

ಬಟ್ಟೆ ಬದಲಿಸುವ ಡೇರೆಯೊಳಗೆ ಹೋದ ಇಸ್ತ್ರಿಯಕ್ಕ ಬಹಳ ಹೊತ್ತು ಹೊರಗೆ ಬರಲಿಲ್ಲ. ಅತ್ತೆ ಒಳಗೆ ಹೋಗಿ ನೋಡಿದರೆ ಸೊಸೆ ಸ್ಟೂಲಿನ ಮೇಲೆ ಕೂತು ಬಿಕ್ಕುತ್ತಿದ್ದಳು.

"ಅತ್ತೆ, ಶುರುವಾಗಿಬಿಟ್ಟಿದೆ. ಇನ್ನೂ ಮೂರ್ನಾಲ್ಕು ದಿನ ಇತ್ತು."

ಅತ್ತೆಗೆ ಬಿಡಿಸಿ ಹೇಳಬೇಕಾಗಲಿಲ್ಲ. ಉಪವಾಸವೂ ಈಜೂ ಒಟ್ಟು ಸೇರಿದಾಗ ಮೈಯ ಲೆಕ್ಕ ಹಿಂದುಮುಂದಾಗುವುದುಂಟು.

"ಇಪ್ಪತ್ತೆರಡು ದಿನ ಹಿಡಿದೆನಲ್ಲ ಅತ್ತೆ! ಇವತ್ತೊಂದು ದಿನಕ್ಕೋಸ್ಕರ ಅಲ್ವಾ ಅಷ್ಟೆಲ್ಲ ಮಾಡಿದ್ದು?"

"ನೀನು ಬಿಟ್ಟಿದ್ದಲ್ಲ, ಬಿಡಿಸಿದ್ದು. ನೀನೇ ಹೇಳಿದ ಮಾತು ಅದು. ಕಣ್ಣೊರೆಸ್ಕೋ. ಒಳ್ಳೇದೇ ಆಯ್ತು, ನೀರು ಕುಡಿದುಕೊಂಡು ಈಜು."

"ಅವರೆದುರಿಗಾ? ಮೈಕಲ್ಲಿ ಕೂಗ್ತಿದಾರೆ ಕೇಳಿ. ಕುಡಿದ್ರೆ ಯಾಕೆ ಕುಡಿದೆ ಅಂತ ಕೇಳಲ್ವಾ? ಏನಂತ ಹೇಳಲಿ?"

ಅತ್ತೆ ಡೇರೆಯ ಸಂದಿನಿಂದ ನೀರನ್ನು ಒಂದು ಸಲ ನೋಡಿ ಉಗುಳು ನುಂಗಿದಳು. ಆಮೇಲೆ ತನ್ನ ಚೀಲದಿಂದ ಒಂದು ಸ್ಟೀಲ್ ಫ್ಲಾಸ್ಕು ಹೊರತೆಗೆದು ಶಾಲಿನೊಳಗೆ ಅಡಗಿಸಿಕೊಂಡಳು. ಪಂದ್ಯ ಮುಗಿದು ಸಂಜೆ ಉಪವಾಸ ಬಿಡಲು ಮನೆಯಿಂದ ತಂದಿದ್ದ ಸಕ್ಕರೆ ನೀರು ಅದು. "ಆ ದೋಣಿಗೆ ನಾನೂ ಹತ್ತುತೀನಿ. ಅವರಿಬ್ಬರ ಕಣ್ಣು ತಪ್ಪಿಸಿ ಕೊಡ್ತೀನಿ. ನೀನು ಹತ್ತಿರಕ್ಕೆ ಬಾ ಅಷ್ಟೇ," ಎಂದಳು.

ದೋಣಿಯಲ್ಲಿ ಹುಟ್ಟು ಹಾಕಲು ಸೀಟಿ ಮಾವ, ಎದುರು ಗಂಡ, ನಡುವೆ ಎರಡೂ ಅಂಚು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡ ಅತ್ತೆ. "ಅಮ್ಮಾ, ನಿನಗೇನಾಗಿದೆ ಇವತ್ತು?" ಎಂದು ಮಗ ಕೇಳಿದ್ದಕ್ಕೆ, "ನನ್ನ ಸೊಸೆ ನೀರಲ್ಲಿ ಇರ್ತಾಳೆ, ನಾನು ಮರದ ಮೇಲೂ ಕೂರಬಾರದಾ?" ಎಂದು ಗದರಿದಳು.

ಏಳು ಗಂಟೆಗೆ ಮೂವತ್ತೊಂದು ಜನ ನೀರಿಗೆ ಬಿದ್ದರು. ಇಸ್ತ್ರಿಯಕ್ಕ ಅವಸರ ಮಾಡಲಿಲ್ಲ. ಎಲ್ಲರೂ ಅವಳನ್ನು ಹಿಂದೆ ಹಾಕಿ ಮಂಜಿನೊಳಗೆ ಕರಗಿದರು. ಉಳಿದದ್ದು ಅವಳ ತೋಳಿನ ಸದ್ದು, ಹುಟ್ಟಿನ ಸದ್ದು, ಬೆಳ್ಳಗಿನ ಮೌನ. ಮುಖ ನೀರೊಳಗಿದ್ದಾಗ ಹಸಿರು ಕತ್ತಲೆ, ಬದಿಗೆ ಹೊರಳಿದಾಗ ಹಾಲಿನಂಥ ಬೆಳಕು. ಕತ್ತಲೆ, ಬೆಳಕು, ಕತ್ತಲೆ, ಬೆಳಕು. ಬಾವುಟಗಳು ತಾವಾಗಿಯೇ ಎದುರು ಬಂದು ಹಿಂದೆ ಸರಿಯುತ್ತಿದ್ದವು. ಒಂದು, ಎರಡು, ಮೂರು. ಬಿಸಿಲು ಏರಿ ಮಂಜು ಹರಿದಾಗ ಅವಳಿಗೆ ತಾನು ಲಾಂಡ್ರಿಯ ಬಿಳಿ ರಾಶಿಯ ಮೇಲೆ ಮಧ್ಯಾಹ್ನದ ನಿದ್ದೆಯಲ್ಲೇ ಇದ್ದೇನೆ ಅನ್ನಿಸಿತು. ಕಿಬ್ಬೊಟ್ಟೆಯ ನೋವೊಂದೇ ಅದು ಕನಸಲ್ಲ ಎಂದು ನೆನಪಿಸುತ್ತಿತ್ತು.

ನಾಲ್ಕನೇ ಬಾವುಟದ ಹತ್ತಿರ ಅತ್ತೆ ಕಣ್ಣು ಬಿಟ್ಟಳು. ಸೊಸೆ ದೋಣಿಗೆ ಮಾರು ದೂರದಲ್ಲಿದ್ದಳು. ಇದೇ ಸಮಯ ಎಂದುಕೊಂಡು ಅತ್ತೆ ಆಚೆ ಕಡೆಗೆ ಬೆರಳು ಚಾಚಿ, "ಅಯ್ಯಯ್ಯೋ, ಅಲ್ನೋಡಿ, ಮೊಸಳೆ!" ಎಂದು ಕಿರುಚಿದಳು. ಗಂಡಸರಿಬ್ಬರೂ ಅತ್ತ ತಿರುಗಿದರು ನಿಜ. ಆದರೆ ಮೊಸಳೆ ಎಂಬ ಮಾತು ಕಿವಿಗೆ ಬಿದ್ದ ಸೊಸೆಯೂ ಸುಮ್ಮನಿದ್ದಾಳೆಯೇ? ಪ್ರಾಣಭಯದಲ್ಲಿ ಕಾಲು ಬಡಿದು ದೂರ ಹಾರಿದಳು. ಅತ್ತೆ ಚಾಚಿದ ಫ್ಲಾಸ್ಕು ಅಲೆಗೆ ಸಿಕ್ಕಿ ಕೈಜಾರಿ, ಗುಳುಂ ಎಂದು ಮುಳುಗಿತು.

"ಈ ಕೆರೇಲಿ ಮೊಸಳೆನಾ?" ಎಂದ ಸೀಟಿ ಮಾವ. "ನಲವತ್ತು ವರ್ಷ ದೋಣಿ ನಡೆಸಿದೀನಿ ತಾಯಿ, ಅದರದೊಂದು ಹಲ್ಲೂ ನೋಡಿಲ್ಲ."

"ಅಮ್ಮಾ, ಅದೇನು ಬಿತ್ತು ನೀರಿಗೆ?"

"ನನ್ನ ಚಪ್ಪಲಿ," ಎಂದಳು ಅತ್ತೆ. ಮಗ ಅವಳ ಕಾಲು ನೋಡಿದ. ಎರಡೂ ಚಪ್ಪಲಿ ಕಾಲಲ್ಲೇ ಇದ್ದವು. ಉಪವಾಸದಲ್ಲಿ ಸುಳ್ಳು ಹೇಳಿದೆನಲ್ಲ ಎಂದು ಅತ್ತೆ ಕೆನ್ನೆ ಬಡಿದುಕೊಂಡು ಮತ್ತೆ ಕಣ್ಣು ಮುಚ್ಚಿದಳು.

ಆರನೇ ಬಾವುಟ ದಾಟುವಾಗ ಇಸ್ತ್ರಿಯಕ್ಕನ ನಾಲಿಗೆ ಬಟ್ಟೆಯ ತುಂಡಾಗಿತ್ತು. ತಡೆಯಲಾರದೆ ಕದ್ದು ಸರೋವರದ ನೀರನ್ನೇ ಒಂದು ಬಾಯಿ ನುಂಗಿದಳು. ಪಾಚಿ, ಜೊತೆಗೆ ದೋಣಿಗಳ ಡೀಸೆಲ್ ವಾಸನೆ. ನುಂಗಿದ್ದು ಬೆಳಗ್ಗೆ ತಿಂದದ್ದರ ಜೊತೆಗೇ ಹೊರಗೆ ಬಂತು. ಇಷ್ಟು ನೀರಿನ ನಡುವೆ ಬಾಯಾರಿ ಸಾಯುವುದು ತನ್ನ ಹಣೆಯಲ್ಲೇ ಬರೆದಿತ್ತೇ ಎಂದು ಅವಳಿಗೆ ಅಳು ಬಂತು. ತೋಳು ಎತ್ತುವುದು ಅವಳ ಕೈಯಲ್ಲಿ ಇರಲಿಲ್ಲ, ತಾನಾಗಿ ಏಳುತ್ತಿತ್ತು, ತಾನಾಗಿ ಬೀಳುತ್ತಿತ್ತು. ಆಮೇಲೆ ಕಂಡಿತು ಏಳನೇ ಬಾವುಟ. ಬಲಗಾಲಿನ ಮೀನಖಂಡ ಕಲ್ಲಾಯಿತು.

ಮೊದಲ ಸೀಟಿ.

ಅವಳು ಮಗುಚಿ ಬೆನ್ನ ಮೇಲೆ ತೇಲಿದಳು. ಆಕಾಶ ಮೆಲ್ಲಗೆ ತಿರುಗುತ್ತಿತ್ತು. ಅಡುಗೆಮನೆಯ ಬಾಗಿಲ ಹಿಂದಿನ ಇಕ್ಕಟ್ಟು, ಕೈಯಲ್ಲಿ ಒಣ ಬ್ರೆಡ್ಡು, ಗಂಟಲಲ್ಲಿ ಇಳಿಯದ ತುತ್ತು, ಎಲ್ಲವೂ ಆ ಆಕಾಶದಲ್ಲಿ ಕಾಣಿಸಿತು.

ಎರಡನೇ ಸೀಟಿ.

"ಸಾಕು ಕಣೇ, ಬಂದ್ಬಿಡು!" ಎಂದು ಗಂಡ ಕೂಗಿದ. ಸೀಟಿ ಮಾವ ಹುಟ್ಟು ನಿಲ್ಲಿಸಿ ಮೂರನೆಯದಕ್ಕೆ ಉಸಿರು ತುಂಬಿಕೊಂಡ. ದೋಣಿ ಒಮ್ಮೆ ಜೋರಾಗಿ ಓಲಾಡಿತು. ನೋಡಿದರೆ ಅತ್ತೆ ಎದ್ದು ನಿಂತಿದ್ದಾಳೆ. ಬಕೆಟ್ಟಿನ ನೀರಿಗೆ ಹೆದರುವ ಹೆಂಗಸು, ಹತ್ತಾಳು ನೀರಿನ ಮೇಲೆ, ಯಾವುದನ್ನೂ ಹಿಡಿದುಕೊಳ್ಳದೆ!

"ಊದಬೇಡ ಅಣ್ಣಾ! ಅವಳಿಗೆ ಶಕ್ತಿ ಇಲ್ದೆ ಅಲ್ಲ, ನೀರಿಲ್ದೆ ಹೀಗಾಗಿದೆ. ನನ್ನ ಸೊಸೆಗೆ ಇವತ್ತು ಉಪವಾಸ ಇಲ್ಲ. ಹೆಂಗಸರ ದಿನ ಅವಳಿಗೆ. ದೇವರು ಕೊಟ್ಟ ರಜೆ. ನೀರು ಕೊಡಿ ಅವಳಿಗೆ!"

ಗಂಡನ ಕಿವಿ ಕೆಂಪಾಯಿತು. ತಾಯಿಯನ್ನು ನೋಡಿದ, ನೀರಿನಲ್ಲಿ ತೇಲುತ್ತಿದ್ದ ಹೆಂಡತಿಯನ್ನು ನೋಡಿದ. "ನನಗ್ಯಾಕೆ ಯಾರೂ ಹೇಳಲಿಲ್ಲ?" ಎಂದ.

"ಹೇಳಬಾರದು ಅಂತ ಕಲಿಸಿದವಳು ನಾನೇ. ಬೈಯೋದಿದ್ರೆ ಮನೆಗೆ ಹೋಗಿ ಬೈಯಿ. ಈಗ ನೀರು ಎಸಿ!"

ಸೀಟಿ ಮಾವ ಸೀಟಿಯನ್ನು ಬಾಯಿಂದ ಬಿಟ್ಟು ಹಲಗೆಯ ಕೆಳಗೆ ಕೈ ಹಾಕಿದ. ಟವಲಿನಲ್ಲಿ ಸುತ್ತಿದ ಅವನ ಬಾಟಲಿ ಅಲ್ಲೇ ಇತ್ತು. ನಿಂಬೆ, ಉಪ್ಪು, ಸಕ್ಕರೆ ಕಲಸಿದ ನೀರು. ಒಂದು ವೇಳೆ ಬೇಕಾದರೆ ಇರಲಿ ಎಂದು ಯಾರಿಗೂ ಹೇಳದೆ ತಂದದ್ದು. ಗಂಡ ಅದನ್ನು ಕಸಿದುಕೊಂಡು, ಹಗ್ಗದ ತುದಿಗೆ ಬಿಗಿದು, ಅವಳ ತಲೆಯ ಆಚೆಗೆ ಬೀಳುವಂತೆ ಬೀಸಿ ಒಗೆದ. "ದೋಣಿ ಮುಟ್ಟಬೇಡ! ಬಾಟಲಿ ಹಿಡ್ಕೋ! ಗುಟುಕು ಗುಟುಕು ಕುಡಿ, ಒಂಟೆ ಹಾಗೆ ಕುಡೀಬೇಡ!" ಎಂದು ತಾಯಿಯ ಮಾತನ್ನೇ ಕೂಗಿದ.

ಇಸ್ತ್ರಿಯಕ್ಕ ಬೆನ್ನ ಮೇಲೆ ತೇಲುತ್ತಲೇ ಕುಡಿದಳು. ಗಂಡನ ಕಣ್ಣೆದುರು, ಹಾಡಹಗಲಲ್ಲಿ, ಉಪವಾಸದ ತಿಂಗಳಲ್ಲಿ. ಸಿಹಿ, ಉಪ್ಪು, ಹುಳಿ ಒಂದೊಂದಾಗಿ ಗಂಟಲಲ್ಲಿ ಇಳಿಯುವುದು ಅವಳಿಗೆ ಕೇಳಿಸುತ್ತಿತ್ತು. ಈಜು ಕನ್ನಡಕದೊಳಗೆ ಕಣ್ಣೀರು ತುಂಬಿ ಆಕಾಶವೂ ನೀರಾಯಿತು. ಕಾಲಿನ ಗಂಟು ಮೆಲ್ಲಗೆ ಬಿಚ್ಚಿಕೊಂಡಿತು.

ಅಷ್ಟರಲ್ಲಿ ಮೈಕಿನ ದೋಣಿ ಹತ್ತಿರ ಬಂತು. "ಇದೀಗ ಏಳನೇ ಬಾವುಟದಲ್ಲಿ, ಉಪವಾಸವಿದ್ದುಕೊಂಡೇ ಈಜುತ್ತಿರುವ..."

"ಇಲ್ಲ!" ಎಂದು ಗಂಡ ಎರಡೂ ಕೈ ಎತ್ತಿ ಕೂಗಿದ. "ಇವತ್ತು ಅವಳಿಗೆ ಉಪವಾಸ ಇಲ್ಲ! ಇಪ್ಪತ್ತೆರಡು ದಿನ ಹಿಡಿದಿದಾಳೆ, ಇವತ್ತು ಇಲ್ಲ. ಹಾಗೇ ಹೇಳಿ!"

"ಯಾಕೆ ಇಲ್ಲ?" ಎಂದು ಮೈಕಿನವನು ಮೈಕಿನಲ್ಲೇ ಕೇಳಿದ.

"ಯಾಕೆ ಅಂತ ಮನೆಗೆ ಹೋಗಿ ನಿಮ್ಮಮ್ಮನ್ನ ಕೇಳು!" ಎಂದಳು ಅತ್ತೆ. ಸೀಟಿ ಮಾವ ನಕ್ಕ ರಭಸಕ್ಕೆ ಹುಟ್ಟು ನೀರಿಗೆ ಬೀಳುವುದರಲ್ಲಿತ್ತು.

ಇಸ್ತ್ರಿಯಕ್ಕ ಬಾಟಲಿ ಬಿಟ್ಟು ಮಗುಚಿಕೊಂಡಳು. ಏಳನೇ ಬಾವುಟ ಅವಳ ಪಕ್ಕದಿಂದ ಸರಿದು ಹಿಂದೆ ಹೋಯಿತು. ಅದರ ಆಚೆಗಿನ ನೀರನ್ನು ಅವಳು ಎಂದೂ ಕಂಡಿರಲಿಲ್ಲ. ಅದು ಇನ್ನೂ ನೀಲಿ, ಇನ್ನೂ ತಣ್ಣಗೆ ಇದೆ ಎಂದು ಅವಳಿಗೆ ಅನ್ನಿಸಿತು. ಎಂಟರಲ್ಲಿ ಒಮ್ಮೆ, ಒಂಬತ್ತರಲ್ಲಿ ಒಮ್ಮೆ ಬಾಟಲಿ ಹಾರಿ ಬಂತು. ಒಂಬತ್ತರ ನಂತರ ಅವಳಿಗೆ ಏನೂ ನೆನಪಿಲ್ಲ. ಕೊಳದ ಸಂಜೆಯ ಬೆಳಕಿನ ಹಾಗೆ ಏನೋ ಒಂದು ಕಣ್ಣ ಮುಂದೆ ಹೋಗುತ್ತಿತ್ತು, ಅವಳು ಅದರ ಹಿಂದೆ ಹೋಗುತ್ತಿದ್ದಳು. ಆಮೇಲೆ ಮೊಣಕಾಲಿಗೆ ಏನೋ ಒರಟಾಗಿ ತಾಗಿತು. ಬಗ್ಗಿ ಮುಟ್ಟಿ ನೋಡಿದಳು. ಮರಳು.

ನಾಲ್ಕು ಗಂಟೆ ಇಪ್ಪತ್ತಾರು ನಿಮಿಷ, ಇಪ್ಪತ್ತನಾಲ್ಕನೇ ಸ್ಥಾನ. ದಡಕ್ಕೆ ಇಳಿದ ಅತ್ತೆ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಆಮೇಲೆ ಸೊಸೆಯ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡಳು. ಗಂಡ ಟವಲ್ ತಂದು ಅವಳ ಹೆಗಲಿಗೆ ಹೊದಿಸಿದ. "ಹೊಟ್ಟೆ ನೋಯ್ತಿದೆಯಾ?" ಎಂದು ಕೇಳಿದ. ಹತ್ತೊಂಬತ್ತು ವರ್ಷದಲ್ಲಿ ಅವನು ಆ ಮಾತು ಕೇಳಿದ್ದು ಅದೇ ಮೊದಲು. ಅವಳು ಹೌದೆಂದು ತಲೆಯಾಡಿಸಿದಳು.

ಮರುದಿನ ಇಸ್ತ್ರಿಯಕ್ಕನಿಗೆ ಲಾಂಡ್ರಿಯವರು ರಜೆ ಕೊಟ್ಟಿದ್ದರು. ಮಧ್ಯಾಹ್ನ ಭುಜದ ನೋವಿಗೆ ಎಚ್ಚರವಾಗಿ ಎದ್ದವಳಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಗಂಡ ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದ. ಅವಳು ಅಭ್ಯಾಸಬಲದಿಂದ ಬ್ರೆಡ್ಡಿನ ತುಂಡು ಹಿಡಿದು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತಳು. ಅತ್ತೆ ಬಂದು ಬಾಗಿಲನ್ನು ಗೋಡೆಗೆ ತಾಗುವ ತನಕ ತೆರೆದು, ಕಾಲಿನಿಂದ ಕುರ್ಚಿ ಎಳೆದು ಹಾಕಿದಳು.

"ಕೂತ್ಕೊಂಡು ತಿನ್ನು."

ಒಂದು ತಟ್ಟೆ ಬಿಸಿ ಅನ್ನ ಬಡಿಸಿ ಮೇಜಿನ ಮೇಲಿಟ್ಟಳು. ತಾನು ಉಪವಾಸದ ಒಣ ತುಟಿಯಲ್ಲೇ ಎದುರು ಕೂತು ಸೊಸೆ ಉಣ್ಣುವುದನ್ನು ನೋಡಿದಳು. ಹೊರಗಿನ ಕೋಣೆಯಲ್ಲಿ ಪೇಪರಿನ ಹಾಳೆ ತಿರುಗಿದ ಸದ್ದು ಕೇಳಿತು. ಯಾರೂ ಎದ್ದು ಬರಲಿಲ್ಲ, ಯಾರೂ ಏನೂ ಕೇಳಲಿಲ್ಲ.

"ಮೂವತ್ತು ವರ್ಷ ನಾನು ನಿಂತೇ ತಿಂದೆ ಕಣೇ," ಎಂದಳು ಅತ್ತೆ. "ಮೊಮ್ಮಗಳು ರಜೆಗೆ ಬಂದಾಗ ಈ ಬಾಗಿಲು ಹಾಕೋಕೆ ಬಿಡಬೇಡ."

ಇಸ್ತ್ರಿಯಕ್ಕ ತಲೆಯಾಡಿಸಿ, ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡಳು.